ಬ್ಯಾಣಕ್ಕೆ ಯೂರಿಯಾ ಹಾಕಬಹುದಾ?

ಈ ಸಲ ಬಂದ ಪತ್ರಗಳಲ್ಲಿ ಹುಲ್ಲಿನದೇ ಕಾರುಬಾರು. ಮಳೆ ಹಿಂದೆ ಸರಿಯುತ್ತಿದ್ದಂತೆ ಎಲ್ಲರ ಕಣ್ಣೂ ಬ್ಯಾಣದ ಮೇಲೆ, ಅಂದರೆ ದನಕ್ಕೆ ಹುಲ್ಲು ಕೊಡುವ ಬಯಲಿನ ಮೇಲೆ, ಬಿದ್ದಿದೆ ಅಂತ ಕಾಣುತ್ತದೆ. ಮೊದಲ ಪತ್ರಕ್ಕೆ ಉದ್ದದ ಉತ್ತರ ಬೇಕಿತ್ತು, ಬರೆದಿದ್ದೇನೆ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಅಕ್ಕಾ, ನಮ್ಮ ಮನೆ ಹಿಂದೆ ಅರ್ಧ ಎಕರೆ ಬ್ಯಾಣ ಇದೆ. ಹುಲ್ಲು ಗಿಡ್ಡ, ದನಕ್ಕೆ ಸಾಲುತ್ತಿರಲಿಲ್ಲ. ಮೂರು ವರ್ಷದಿಂದ ಮಳೆಗಾಲದಲ್ಲಿ ಒಂದು ಚೀಲ ಯೂರಿಯಾ ಎರಚುತ್ತಿದ್ದೇನೆ. ಹುಲ್ಲು ಈಗ ಮೊಣಕಾಲು ಮುಚ್ಚುತ್ತದೆ. ಆದರೆ ಅಮ್ಮ ದೇವರಿಗೆ ಕೊಯ್ದು ತರುತ್ತಿದ್ದ ವಿಷ್ಣುಕ್ರಾಂತಿ ಹೂ ಕಾಣುತ್ತಿಲ್ಲ. ನೆಲತಾಳೆ ಇಲ್ಲ, ಕಾಡು ಮೆಂತ್ಯ ಇಲ್ಲ. 'ನಿನ್ನ ಗೊಬ್ಬರದ್ದೇ ಕೆಲಸ' ಅಂತಾರೆ ಅಮ್ಮ. ಗೊಬ್ಬರ ಹಾಕಿದರೆ ಗಿಡ ಬೆಳೆಯಬೇಕಲ್ಲ, ಸಾಯುವುದು ಹೇಗೆ? (ಹೊಸನಗರ ತಾಲೂಕಿನ ಓದುಗರು)

ಉತ್ತರ: ಅಮ್ಮ ಹೇಳಿದ್ದು ಸರಿ. ಆದರೆ ಯೂರಿಯಾ ಆ ಗಿಡಗಳಿಗೆ ವಿಷವಾಗಿದ್ದಲ್ಲ. ಅವುಗಳ ಪಕ್ಕದವರನ್ನು ಬೆಳೆಸಿತು. ಸಾಯಿಸಿದ್ದು ಪಕ್ಕದವರು.

ಮೊದಲು ಲೆಕ್ಕ ನೋಡೋಣ. ಒಂದು ಚೀಲ ಯೂರಿಯಾ ಅಂದರೆ 45 ಕಿಲೋ. ಅದರಲ್ಲಿ ನೂರಕ್ಕೆ 46 ಭಾಗ ಸಾರಜನಕ. ಅಂದರೆ ಚೀಲಕ್ಕೆ ಹತ್ತಿರ ಹತ್ತಿರ 21 ಕಿಲೋ. ಅರ್ಧ ಎಕರೆಗೆ 21 ಕಿಲೋ ಬಿತ್ತು ಅಂದರೆ ಹೆಕ್ಟೇರಿಗೆ ಸುಮಾರು 100 ಕಿಲೋ ಆಯಿತು. ಭತ್ತದ ಗದ್ದೆಗಾದರೆ ಇದನ್ನು ಕಂಡು ಯಾರೂ ಹುಬ್ಬೇರಿಸುವುದಿಲ್ಲ. ಬ್ಯಾಣಕ್ಕೆ ಇದು ಬಹಳ ದೊಡ್ಡ ಪಾಲು. ಎಷ್ಟು ಸಾರಜನಕ ಬಿದ್ದರೆ ಹುಲ್ಲುಗಾವಲಿನ ಗಿಡಗಳು ಒಂದೊಂದಾಗಿ ಕಳಚಲು ಶುರುವಾಗುತ್ತವೆ ಅಂತ ಯೂರೋಪಿನವರು ಅಂದಾಜು ಹಾಕಿಟ್ಟಿದ್ದಾರೆ. ಒಂದೊಂದು ಬಗೆ ಹುಲ್ಲುಗಾವಲಿಗೆ ಒಂದೊಂದು ಮಿತಿ. ಹೆಚ್ಚಿನವಕ್ಕೆ ಅದು ಹೆಕ್ಟೇರಿಗೆ ವರ್ಷಕ್ಕೆ 20 ಕಿಲೋ ಒಳಗೇ ಇದೆ.

ಬ್ಯಾಣದ ಮಣ್ಣಿನಲ್ಲಿ ಸಾರಜನಕ ಕಮ್ಮಿ. ಎಲ್ಲ ಗಿಡಕ್ಕೂ ಕಮ್ಮಿ. ಎತ್ತರ ಹೋಗಬಲ್ಲ ಹುಲ್ಲಿಗೂ ಹೋಗಲು ಬಂಡವಾಳ ಇಲ್ಲ. ಅದು ಗಿಡ್ಡವಾಗಿ, ಬುಡ ಬುಡವಾಗಿ, ನಡುವೆ ಸಂದಿ ಬಿಟ್ಟು ನಿಲ್ಲುತ್ತದೆ. ಆ ಸಂದಿಯಲ್ಲಿ ಬಿಸಿಲು ನೆಲ ಮುಟ್ಟುತ್ತದೆ. ವಿಷ್ಣುಕ್ರಾಂತಿ ನೆಲಕ್ಕೆ ಅಂಟಿಕೊಂಡು ಹಬ್ಬುವ ಗಿಡ, ಅದಕ್ಕೆ ಬೇಕಾದ್ದು ಆ ಬಿಸಿಲೇ. ಸಾರಜನಕ ಸ್ವಲ್ಪ ಕಮ್ಮಿಯಾದರೆ ಹೇಗೋ ಸುಧಾರಿಸಿಕೊಳ್ಳುತ್ತದೆ. ಈಗ ಯೂರಿಯಾ ಬಿತ್ತು. ಅದನ್ನು ಬೇಗ ಹೀರಿಕೊಂಡು ಬೇಗ ಎಲೆ ಬಿಡುವ ಹುಲ್ಲು ಎಲ್ಲ ಬ್ಯಾಣದಲ್ಲೂ ಒಂದೆರಡು ಇದ್ದೇ ಇರುತ್ತವೆ. ಅವು ಮೇಲೆ ಹೋದವು, ಕೆಳಗೆ ಕತ್ತಲೆಯಾಯಿತು.

ಬಿಸಿಲು ಬಂದ ದಿನ ಹನ್ನೊಂದು ಗಂಟೆ ಹೊತ್ತಿಗೆ ಬ್ಯಾಣಕ್ಕೆ ಹೋಗಿ. ಕುಕ್ಕರುಗಾಲಲ್ಲಿ ಕೂತು ಎರಡೂ ಕೈಯಿಂದ ಹುಲ್ಲು ಸರಿಸಿ. ಮೇಲಿನ ಒಂದು ಗೇಣು ಕಡುಹಸಿರು. ಅದರ ಕೆಳಗೆ ಎಲೆಗಳು ಹಳದಿ. ಬುಡದಲ್ಲಿ ಹೋದ ವರ್ಷದ ಹುಲ್ಲು ಚಾಪೆ ಹಾಸಿದ ಹಾಗೆ ಬಿದ್ದಿರುತ್ತದೆ. ಕೈ ಹಾಕಿದರೆ ತಣ್ಣಗೆ, ಮುಗ್ಗಲು ವಾಸನೆ. ಅಲ್ಲಿ ಯಾವ ಸಣ್ಣ ಬೀಜ ಮೊಳೆತು ಮೇಲೆ ಬಂದೀತು? ಆಮೇಲೆ ಬೇಲಿಯಾಚೆ, ಗೊಬ್ಬರ ಕಾಣದ ಕಡೆ ಹೀಗೇ ಸರಿಸಿ ನೋಡಿ. ಬುಡಗಳ ನಡುವೆ ಕೆಂಪು ಮಣ್ಣು ಕಾಣುತ್ತದೆ, ಜಂಬಿಟ್ಟಿಗೆ ಹರಳು ಕಾಣುತ್ತದೆ. ನಿಮ್ಮ ಅಮ್ಮನ ಹೂ ಇದ್ದರೆ ಅಲ್ಲೇ ಇರುತ್ತದೆ.

ಬೆಳಕಿನ ಈ ಮಾತು ನನ್ನ ಊಹೆಯಲ್ಲ. 2009ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ವಿಶ್ವವಿದ್ಯಾಲಯದವರು ಒಂದು ಚಂದದ ಪ್ರಯೋಗ ಪ್ರಕಟಿಸಿದರು. ಗೊಬ್ಬರ ಹಾಕಿ ಬೆಳೆಸಿದ ಹುಲ್ಲಿನ ಬುಡದಲ್ಲಿ ದೀಪ ಇಟ್ಟರು, ಅಷ್ಟೇ. ದೀಪ ಇಟ್ಟ ಕಡೆ ಗೊಬ್ಬರ ಬಿದ್ದರೂ ಗಿಡ್ಡ ಗಿಡಗಳು ಉಳಿದವು. ದೀಪ ಇಲ್ಲದ ಕಡೆ ಹೋದವು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತಿದ್ದಾಗ ಇದನ್ನು ಹೇಳಿದರೆ ಹಿಂದಿನ ಬೆಂಚಿನ ಹುಡುಗರೂ ತಲೆ ಎತ್ತುತ್ತಿದ್ದರು.

ಹಳೆಯ ಸಾಕ್ಷಿ ಬೇಕು ಅಂದರೆ ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿದೆ. ಅಲ್ಲಿ 1856ರಲ್ಲಿ, ಅಂದರೆ ನಮ್ಮಲ್ಲಿ ಸಿಪಾಯಿ ದಂಗೆಗೂ ಒಂದು ವರ್ಷ ಮೊದಲು, ಲಾಸ್ ಮತ್ತು ಗಿಲ್ಬರ್ಟ್ ಎಂಬಿಬ್ಬರು ಒಂದು ಹುಲ್ಲುಗಾವಲನ್ನು ತುಂಡು ತುಂಡು ಮಾಡಿ ಒಂದೊಂದಕ್ಕೆ ಒಂದೊಂದು ಗೊಬ್ಬರ ಹಾಕಲು ಶುರು ಮಾಡಿದರು. ಇವತ್ತಿಗೂ ಅದು ನಡೆಯುತ್ತಿದೆ. ಅವರಿಗೆ ಹೂವಿನ ಚಿಂತೆ ಇರಲಿಲ್ಲ. ಒಣಹುಲ್ಲು ಜಾಸ್ತಿ ಬರುತ್ತದಾ ಅಂತ ನೋಡಬೇಕಿತ್ತು, ಬಂತು. ಆದರೆ ಕೆಲವೇ ವರ್ಷದಲ್ಲಿ ತುಂಡಿನಿಂದ ತುಂಡಿಗೆ ಗಿಡಗಳೇ ಬೇರೆಯಾದವು, ಬೇರೆ ಬೇರೆ ಬೀಜ ಬಿತ್ತಿದ್ದಾರೇನೋ ಅನ್ನುವಷ್ಟು. ಏನೂ ಹಾಕದ ತುಂಡಿನಲ್ಲಿ ಈಗಲೂ 35ಕ್ಕೂ ಹೆಚ್ಚು ಬಗೆಯ ಗಿಡಗಳಿವೆ. ಅಮೋನಿಯಂ ಸಲ್ಫೇಟ್ ಬಹಳ ಬಿದ್ದ, ಸುಣ್ಣ ಕಾಣದ ತುಂಡಿನಲ್ಲಿ ಎರಡು ಮೂರು ಬಗೆ ಹುಲ್ಲು ಬಿಟ್ಟರೆ ಬೇರೇನೂ ಇಲ್ಲ.

ಇನ್ನು ನಿಮ್ಮ ಕಾಡು ಮೆಂತ್ಯದ ಕತೆ. ಅದು ಹೋಗಲು ನೆರಳಿನ ಜೊತೆ ಇನ್ನೊಂದು ಕಾರಣ ಇದೆ. ಬೇಲಿಯಾಚೆ ಒಂದು ಗಿಡ ಸಿಕ್ಕರೆ ಮಣ್ಣು ಒದ್ದೆ ಇರುವಾಗ ಬೇರು ಕಡಿಯದಂತೆ ಮೆಲ್ಲಗೆ ಎಬ್ಬಿಸಿ. ಬೇರಿನ ಮೇಲೆ ಸಣ್ಣ ಸಣ್ಣ ಗಂಟುಗಳಿರುತ್ತವೆ. ಒಂದನ್ನು ಉಗುರಿನಿಂದ ಸೀಳಿ. ಒಳಗೆ ಗುಲಾಬಿ ಬಣ್ಣ ಇದ್ದರೆ ಗಂಟು ಕೆಲಸ ಮಾಡುತ್ತಿದೆ ಅಂತ ಅರ್ಥ. ಆ ಗಂಟಿನಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಹಿಡಿದು ಕೊಡುತ್ತವೆ. ಗಿಡ ಅವಕ್ಕೆ ಸಕ್ಕರೆ ಕೊಡುತ್ತದೆ. ಮುಟ್ಟಿದರೆ ಮುನಿ, ಹುರುಳಿ, ಹೆಸರು ಎಲ್ಲದರದ್ದೂ ಇದೇ ವ್ಯವಹಾರ. ಬಡ ಮಣ್ಣಿನಲ್ಲಿ ಇದು ದೊಡ್ಡ ಅನುಕೂಲ. ಬೇರೆಯವರು ಪರದಾಡುವಾಗ ಇವರಿಗೆ ಸ್ವಂತ ವರಮಾನ ಇರುತ್ತದೆ. ಯೂರಿಯಾ ಎಲ್ಲರಿಗೂ ಪುಕ್ಕಟೆ ಹಂಚಿದ ಮೇಲೆ ಆ ಅನುಕೂಲಕ್ಕೆ ಬೆಲೆ ಇಲ್ಲ. ಎಲ್ಲೆಲ್ಲಿ ಇಂಥ ಪ್ರಯೋಗ ಮಾಡಿದರೂ ಮೊದಲು ಸೋಲುವವರಲ್ಲಿ ಈ ದ್ವಿದಳ ಜಾತಿಯವರು ಇದ್ದೇ ಇರುತ್ತಾರೆ.

ಹುಳಿಯ ವಿಷಯವನ್ನೂ ಹೇಳಿಬಿಡುತ್ತೇನೆ. ಯೂರಿಯಾ ಮಣ್ಣಿನಲ್ಲಿ ಅಮೋನಿಯಂ ಆಗಿ, ಅದನ್ನು ಬ್ಯಾಕ್ಟೀರಿಯಾ ನೈಟ್ರೇಟ್ ಮಾಡುವಾಗ ಆಮ್ಲ ಹುಟ್ಟುತ್ತದೆ. ನಮ್ಮ ಮಣ್ಣು ಮೊದಲೇ ಹುಳಿ. ಇಷ್ಟು ಮಳೆಗೆ ಸುಣ್ಣದ ಅಂಶ ತೊಳೆದು ಹೋಗಿರುತ್ತದೆ. ಇನ್ನೂ ಹುಳಿಯಾದರೆ ಮಣ್ಣಿನ ಅಲ್ಯೂಮಿನಿಯಂ ಕರಗಿ ಬೇರು ಸುಡುತ್ತದೆ. ಅಮೋನಿಯಂ ಸಲ್ಫೇಟಿಗೆ ಹೋಲಿಸಿದರೆ ಯೂರಿಯಾ ಈ ವಿಷಯದಲ್ಲಿ ಸಾಧು. ಮೂರು ವರ್ಷಕ್ಕೆ ದೊಡ್ಡ ಅನಾಹುತ ಆಗಿರಲಾರದು. ಮಣ್ಣು ಪರೀಕ್ಷೆಗೆ ಕೊಡುವಾಗ ಬ್ಯಾಣದ್ದೂ ಒಂದು ಪೊಟ್ಟಣ ಸೇರಿಸಿ, ಪಿಎಚ್ ಎಷ್ಟು ಅಂತ ಗೊತ್ತಾಗುತ್ತದೆ.

ಈಗ ಏನು ಮಾಡಬೇಕು? ಯೂರಿಯಾ ನಿಲ್ಲಿಸಿ. ಹುಲ್ಲು ಕೊಯ್ಯಿರಿ, ಕೊಯ್ದದ್ದನ್ನು ಅಲ್ಲೇ ಬಿಡಬೇಡಿ. ಇದು ಮುಖ್ಯ. ಒಣಹುಲ್ಲಿನಲ್ಲಿ ಸುಮಾರು ನೂರಕ್ಕೆ ಒಂದು ಭಾಗ ಸಾರಜನಕ ಇರುತ್ತದೆ. ಒಂದು ಟನ್ ಕರಡ, ಅಂದರೆ ಬ್ಯಾಣದ ಒಣಹುಲ್ಲು, ಹೊರಗೆ ಹೋದರೆ 10 ಕಿಲೋ ಸಾರಜನಕ ಹೊರಗೆ ಹೋದ ಹಾಗೆ. ಮಳೆ ನಡುವೆ ಒಮ್ಮೆ ಹಸಿಹುಲ್ಲು ಕೊಯ್ದು ದನಕ್ಕೆ ಹಾಕಿ, ದೀಪಾವಳಿ ಕಳೆದ ಮೇಲೆ ಕರಡ ಕೊಯ್ಯಿರಿ. ಬುಡದಲ್ಲಿರುವ ಕೊಳೆತ ಹುಲ್ಲನ್ನು ಬೇಸಿಗೆಯಲ್ಲಿ ಗೋರಿ ತೋಟಕ್ಕೆ ಹಾಕಿ. ಬೆಂಕಿ ಮಾತ್ರ ಕೊಡಬೇಡಿ, ಅದು ನಿಮ್ಮ ಬೇಲಿಯಲ್ಲಿ ನಿಲ್ಲುವುದಿಲ್ಲ.

ಹೂ ವಾಪಸ್ ಬರುತ್ತದಾ ಅಂತ ಅಮ್ಮ ಕೇಳುತ್ತಾರೆ. ರಾಥಮ್‌ಸ್ಟೆಡ್‌ನಲ್ಲಿ ಸುಮಾರು 1990ರಿಂದ ಕೆಲವು ತುಂಡುಗಳ ಅರ್ಧಕ್ಕೆ ಸಾರಜನಕ ನಿಲ್ಲಿಸಿದರು. ಅಲ್ಲಿ ಗಿಡಗಳು ಮತ್ತೆ ಬಂದವು. ಅಮೆರಿಕದ ಮಿನೆಸೋಟಾದ ಸೀಡರ್ ಕ್ರೀಕ್‌ನಲ್ಲಿ 1982ರಿಂದ ಇಂಥದೇ ಪ್ರಯೋಗ ನಡೆದಿದೆ. ಅಲ್ಲಿ ಹತ್ತು ವರ್ಷ ಹಾಕಿ ನಿಲ್ಲಿಸಿದ ಕಡೆ ಇಪ್ಪತ್ತು ವರ್ಷ ಕಳೆದರೂ ಹೋದವು ಬರಲಿಲ್ಲ. ವ್ಯತ್ಯಾಸ ಎಲ್ಲಿದೆ? ರಾಥಮ್‌ಸ್ಟೆಡ್‌ನಲ್ಲಿ ವರ್ಷ ವರ್ಷ ಹುಲ್ಲು ಕೊಯ್ದು ಸಾಗಿಸುತ್ತಾರೆ, ಪಕ್ಕದಲ್ಲೇ ಬೀಜ ಕೊಡುವ ತುಂಡುಗಳಿವೆ. ನಿಮಗೂ ಪಕ್ಕದ ಬ್ಯಾಣ ಇದೆಯಲ್ಲ. ಅವರ ಕರಡ ಬೀಜ ಕಟ್ಟಿದ ಹೊತ್ತಿಗೆ ಒಂದೆರಡು ಹೊರೆ ಕೇಳಿ ತಂದು, ನಿಮ್ಮ ಗೋರಿದ ನೆಲದ ಮೇಲೆ ತೆಳ್ಳಗೆ ಹರಡಿ, ಬೀಜ ಉದುರಿದ ಮೇಲೆ ಎತ್ತಿಬಿಡಿ. ನೆಲತಾಳೆಗೆ ಗೆಡ್ಡೆ ಇರುತ್ತದೆ. ಅದು ಎಲ್ಲಾದರೂ ಮಣ್ಣೊಳಗೆ ಜೀವ ಹಿಡಿದುಕೊಂಡಿದ್ದರೆ ಮೊದಲ ಮಳೆಗೇ ತಲೆ ಎತ್ತೀತು.

ಪ್ರಶ್ನೆ: ಹಸಿರು ಕಂಡರೆ ನಿಮಗೆ ಎಂತಕ್ಕೆ ಬೇಸರ? ಡೇರಿಗೆ ಹಾಲು ಹಾಕಿ ಮನೆ ನಡೆಸುವವರು ನಾವು. ಹೂ ನೋಡಿಕೊಂಡು ಕೂತರೆ ಹೊಟ್ಟೆ ತುಂಬುತ್ತದಾ? (ಸಾಗರ)

ಉತ್ತರ: ಬೇಸರ ಏನಿಲ್ಲ ಮಾರಾಯ್ರೆ. ನಮ್ಮ ಕೊಟ್ಟಿಗೆಯಲ್ಲೂ ಮಲೆನಾಡು ಗಿಡ್ಡ ಇವೆ, ಹುಲ್ಲಿಲ್ಲದಿದ್ದರೆ ಅವು ನನ್ನ ಮುಖ ನೋಡುವ ರೀತಿ ನನಗೂ ಗೊತ್ತು. ಯೂರಿಯಾ ಹಾಕಬೇಡಿ ಅಂತ ನಾನು ಹೇಳುತ್ತಿಲ್ಲ. ಬ್ಯಾಣಕ್ಕೆ ಬೇಡ ಅಂತ ಹೇಳುತ್ತಿದ್ದೇನೆ. ಹಿತ್ತಲಲ್ಲಿ ನಾಲ್ಕು ಗುಂಟೆ ನೇಪಿಯರ್ ಹಾಕಿ, ಇರುವ ಗೊಬ್ಬರ ಎಲ್ಲ ಅದಕ್ಕೆ ಕೊಡಿ. ಅದು ಗೊಬ್ಬರ ತಿನ್ನಲೆಂದೇ ಬೆಳೆಸಿದ ಹುಲ್ಲು. ಬ್ಯಾಣದ ಅರ್ಧ ಎಕರೆಗೆ ಸುರಿದದ್ದಕ್ಕಿಂತ ಜಾಸ್ತಿ ಮೇವು ಅಲ್ಲಿ ಸಿಗುತ್ತದೆ.

ಹಾಕುವಾಗ ಒಂದೇ ಸಲ ಸುರಿಯಬೇಡಿ, ಪ್ರತಿ ಕಟಾವಿನ ಮೇಲೆ ಸ್ವಲ್ಪ ಸ್ವಲ್ಪ. ಆರಿದ್ರಾ ಮಳೆ ಹೊಡೆಯುತ್ತಿರುವಾಗ ಹಾಕಿದರೆ ನೀವು ಹಳ್ಳಕ್ಕೆ ಗೊಬ್ಬರ ಹಾಕಿದ ಹಾಗೆ. ಆಗುಂಬೆ ಕಡೆ ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಮಳೆ. ಅಷ್ಟು ನೀರಿನ ಮುಂದೆ ನೈಟ್ರೇಟ್ ಎಲ್ಲಿ ನಿಂತೀತು? ಒಣ ನೆಲದ ಮೇಲೆ ಎರಚಿ ಬಿಟ್ಟರೂ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಇನ್ನೊಂದು, ಬೇಸಿಗೆಯಲ್ಲಿ ಬಾಡಿ ನಿಂತ ಮೇವಿಗೆ ಯೂರಿಯಾ ಜಾಸ್ತಿ ಬಿದ್ದಿದ್ದರೆ ಅದರಲ್ಲಿ ನೈಟ್ರೇಟ್ ಸೇರಿಕೊಂಡು ದನಕ್ಕೆ ಅಪಾಯ ಆಗಬಹುದು. ಚೀಲವನ್ನು ಕೊಟ್ಟಿಗೆಯಲ್ಲಿ ಬಾಯಿ ಬಿಚ್ಚಿ ಇಡಲೇಬೇಡಿ. ಉಪ್ಪು ಅಂತ ನೆಕ್ಕಿ ಸತ್ತ ದನಗಳಿವೆ.

ಪ್ರಶ್ನೆ: ಯೂರಿಯಾ ಬೇಡ, ಸರಿ. ಸಗಣಿ ಗೊಬ್ಬರ ಹಾಕಬಹುದಲ್ಲ? ಅದು ಸಾವಯವ. ಬ್ಯಾಣದಲ್ಲಿ ದನವೇ ಸಗಣಿ ಹಾಕುತ್ತದೆ, ಅದರಿಂದ ಹೂ ಹಾಳಾಗುವುದಿಲ್ಲವಾ? (ತೀರ್ಥಹಳ್ಳಿಯ ಓದುಗರು)

ಉತ್ತರ: ಸಾರಜನಕ ಯಾವ ಚೀಲದಿಂದ ಬಂತು ಅಂತ ಹುಲ್ಲು ಕೇಳುವುದಿಲ್ಲ. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ನೂರಕ್ಕೆ ಅರ್ಧ ಭಾಗದ ಆಸುಪಾಸು. ಒಂದು ಟನ್ ಹಾಕಿದರೆ 5 ಕಿಲೋ. ನಿಧಾನಕ್ಕೆ ಬಿಡುತ್ತದೆ, ಮಣ್ಣನ್ನು ಹುಳಿ ಮಾಡುವುದಿಲ್ಲ, ಅಷ್ಟರ ಮಟ್ಟಿಗೆ ವಾಸಿ. ಗಾಡಿಗಟ್ಟಲೆ ಹಾಕಿದರೆ ಕತೆ ಅದೇ.

ದನದ ಮಾತು ನೀವು ತೆಗೆದದ್ದು ಒಳ್ಳೆಯದಾಯಿತು. ದನ ಉಚ್ಚೆ ಹೊಯ್ದ ಜಾಗ ನೋಡಿದ್ದೀರಲ್ಲ, ಮೊದಲು ಹುಲ್ಲು ಸುಟ್ಟು, ಆಮೇಲೆ ಒಂದು ಮೊರದಗಲ ಕಡುಹಸಿರು ಎದ್ದು ನಿಲ್ಲುತ್ತದೆ. ಆ ಒಂದು ತೇಪೆಯಲ್ಲಿ ಬಿದ್ದ ಸಾರಜನಕವನ್ನು ಹೆಕ್ಟೇರಿಗೆ ಲೆಕ್ಕ ಹಾಕಿದರೆ ನೂರಾರು ಕಿಲೋ ಆಗುತ್ತದೆ. ಆದರೂ ಬ್ಯಾಣ ಹಾಳಾಗಲಿಲ್ಲ. ಯಾಕೆ? ದನ ಅಲ್ಲಿಂದ ತಿಂದದ್ದನ್ನೇ ಅಲ್ಲಿ ಹಾಕಿತು, ಅದೂ ಪೂರ್ತಿ ಅಲ್ಲ. ಸಂಜೆ ಅದು ಕೊಟ್ಟಿಗೆಗೆ ಬಂತು. ರಾತ್ರಿಯ ಸಗಣಿ, ಗಂಜಲ ಎಲ್ಲ ಗೊಬ್ಬರಗುಂಡಿಗೆ ಹೋಯಿತು.

ನಮ್ಮ ಹಿರಿಯರ ಪದ್ಧತಿಯನ್ನು ಸಾರಜನಕದ ಕಣ್ಣಿನಿಂದ ನೋಡಿ. ಬೆಟ್ಟದ ಸೊಪ್ಪು, ದರಕು (ಉದುರಿದ ಒಣ ಎಲೆ), ಬ್ಯಾಣದ ಕರಡ ಕೊಟ್ಟಿಗೆಗೆ. ಕೊಟ್ಟಿಗೆಯಿಂದ ಗುಂಡಿಗೆ. ಗುಂಡಿಯಿಂದ ಅಡಿಕೆ ತೋಟಕ್ಕೆ. ಎಲ್ಲವೂ ಇಳಿಜಾರಿನಲ್ಲಿ ಕೆಳಗೇ ಹೋಗುತ್ತದೆ, ಮೇಲೆ ವಾಪಸ್ ಹತ್ತುವುದಿಲ್ಲ. ತಲೆಮಾರುಗಟ್ಟಲೆ ಹೀಗೆ ನಡೆದು ತೋಟ ಕೊಬ್ಬಿತು, ಬ್ಯಾಣ ಬಡವಾಗಿಯೇ ಉಳಿಯಿತು. ಆ ಬಡತನದಲ್ಲೇ ಹೂಗಳು ಬದುಕಿದವು. ಯಾರೂ ಹೂ ಉಳಿಸಬೇಕು ಅಂತ ಕರಡ ಕೊಯ್ಯಲಿಲ್ಲ. ಮಾಡಿಗೆ ಹೊದಿಸಲು, ದನದ ಕಾಲಡಿಗೆ ಹಾಸಲು ಕೊಯ್ದರು. ಹಾಗಂತ ಹಳೆಯದೆಲ್ಲ ಚಿನ್ನ ಅಂತ ನಾನು ಹೇಳಲಾರೆ. ಸೊಪ್ಪು ಸವರಿ ಸವರಿ ಬೋಳಾದ ಬೆಟ್ಟಗಳೂ ನಮ್ಮಲ್ಲೇ ಇವೆ.

ಈಗ ಮಾಡಿಗೆ ಹೆಂಚು ಬಂತು, ಶೀಟ್ ಬಂತು. ದನ ಕಮ್ಮಿಯಾದವು. ಕರಡ ಕೊಯ್ಯಲು ಆಳು ಸಿಗುವುದಿಲ್ಲ, ಸಿಕ್ಕರೂ ಸಂಬಳ ಹುಟ್ಟುವುದಿಲ್ಲ. ಬ್ಯಾಣದಲ್ಲಿ ಬೆಳೆದದ್ದು ಬ್ಯಾಣದಲ್ಲೇ ಕೊಳೆಯುತ್ತದೆ. ಹೊರಗೆ ಹೋಗುವುದು ನಿಂತಿತು, ಮೇಲಿನಿಂದ ಚೀಲ ಬಂತು. ಹಾಲೆಂಡಿನಲ್ಲೂ ಇದೇ ಆಗಿದೆ. ಅಲ್ಲಿಯ ಕುರುಚಲು ಬಯಲುಗಳಿಂದ ರೈತರು ನೆಲದ ಹೊದಿಕೆಯನ್ನೇ ಕೆತ್ತಿ ಕೊಟ್ಟಿಗೆಗೆ ಹಾಸಿ, ಗೊಬ್ಬರ ಮಾಡಿ ಹೊಲಕ್ಕೆ ಹಾಕುತ್ತಿದ್ದರು. ಅದು ನಿಂತ ಮೇಲೆ, ಸಾವಿರಾರು ದನ-ಹಂದಿಗಳ ಕೊಟ್ಟಿಗೆಯಿಂದ ಅಮೋನಿಯಾ ಗಾಳಿಯಲ್ಲಿ ಬಂದು ಬಿದ್ದು, ನೇರಳೆ ಹೂವಿನ ಕುರುಚಲು ಹೋಗಿ ಬರೀ ಹುಲ್ಲು ನಿಂತಿತು.

ಪ್ರಶ್ನೆ: ಹಾಗಾದರೆ ಗುಡುಗು ಮಳೆಯಲ್ಲೂ ಸಾರಜನಕ ಬರುತ್ತದೆ ಅಂತ ಶಾಲೆಯಲ್ಲಿ ಕಲಿತಿದ್ದೇವೆ. ಅದರಿಂದ ತೊಂದರೆ ಇಲ್ಲವಾ? (ಕಾಲೇಜು ವಿದ್ಯಾರ್ಥಿನಿ, ಶಿವಮೊಗ್ಗ)

ಉತ್ತರ: ಅದು ಚಿಲ್ಲರೆ. ಪ್ರಪಂಚದ ಮಿಂಚೆಲ್ಲ ಸೇರಿ ವರ್ಷಕ್ಕೆ ಸುಮಾರು 50 ಲಕ್ಷ ಟನ್ ಸಾರಜನಕವನ್ನು ಗಿಡಕ್ಕೆ ಸಿಗುವ ರೂಪಕ್ಕೆ ತರುತ್ತದೆ. ಗೊಬ್ಬರದ ಕಾರ್ಖಾನೆಗಳು 10 ಕೋಟಿ ಟನ್‌ಗೂ ಜಾಸ್ತಿ. ಗಾಳಿಯಲ್ಲಿ ನೂರಕ್ಕೆ 78 ಭಾಗ ಸಾರಜನಕ ಇದ್ದರೂ ಗಿಡ ಅದನ್ನು ನೇರ ತಿನ್ನಲಾರದು. ಜರ್ಮನಿಯ ಹೇಬರ್ ಅದನ್ನು ಅಮೋನಿಯಾ ಮಾಡುವ ದಾರಿ ಕಂಡುಹಿಡಿದರು, ಬಾಷ್ ಕಾರ್ಖಾನೆ ಮಟ್ಟಕ್ಕೆ ತಂದರು, 1913ರಲ್ಲಿ ಮೊದಲ ಕಾರ್ಖಾನೆ ಶುರುವಾಯಿತು. ಅದರಿಂದ ಅನ್ನ ಹುಟ್ಟಿತು, ಸುಳ್ಳಲ್ಲ. ವಾಹನದ ಹೊಗೆಯಿಂದಲೂ ಸಾರಜನಕ ಬಂದು ಬೀಳುತ್ತದೆ. ಬ್ರಿಟನ್ನಿನಲ್ಲಿ 68 ಹುಲ್ಲುಗಾವಲು ಹೋಲಿಸಿ ನೋಡಿದ ಅಧ್ಯಯನವೊಂದು 2004ರಲ್ಲಿ ಬಂತು. ಗಾಳಿಯಿಂದ ವರ್ಷಕ್ಕೆ ಹೆಕ್ಟೇರಿಗೆ ಎರಡೂವರೆ ಕಿಲೋ ಜಾಸ್ತಿ ಬಿದ್ದಲ್ಲೆಲ್ಲ, 4 ಚದರ ಮೀಟರಿನಲ್ಲಿ ಒಂದು ಜಾತಿ ಕಮ್ಮಿ ಕಂಡಿತು. ಯಾರೂ ಚೀಲ ಎರಚಿರಲಿಲ್ಲ.

ಪ್ರಶ್ನೆ: ನಮ್ಮ ಶಾಲೆ ಹಿಂದಿನ ಕಲ್ಲು ನೆಲದಲ್ಲಿ ಹುಳ ತಿನ್ನುವ ಕೆಂಪು ಗಿಡ ಇದೆ. ಕುಂಡದಲ್ಲಿ ನೆಟ್ಟು ಗೊಬ್ಬರ ಹಾಕಿದರೆ ದೊಡ್ಡದಾಗುತ್ತದಾ? (7ನೇ ತರಗತಿ, ಹೊಸನಗರ ತಾಲೂಕು)

ಉತ್ತರ: ಬೇಡ ಪುಟ್ಟಾ. ಅದು ಡ್ರೊಸೆರಾ. ಜಂಬಿಟ್ಟಿಗೆ ಕಲ್ಲಿನ ಮೇಲೆ ನೀರು ಜಿನುಗುವ ಜಾಗದಲ್ಲಿ ಬೇರೆ ಗಿಡಕ್ಕೆ ಸಾರಜನಕ ಸಾಲದು. ಅದಕ್ಕೇ ಇದು ಹುಳ ಹಿಡಿಯಲು ಕಲಿತಿದೆ. ಎಲೆಯ ಕೆಂಪು ಕೂದಲಿನ ತುದಿಯಲ್ಲಿ ಅಂಟು ಹನಿ ಇದೆಯಲ್ಲ, ಅದಕ್ಕೆ ಸಿಕ್ಕ ಸೊಳ್ಳೆಯೇ ಅದರ ಗೊಬ್ಬರ. ನೀನು ಗೊಬ್ಬರ ಹಾಕಿದರೆ ಬೇರು ಸುಟ್ಟು ಸಾಯುತ್ತದೆ. ಬದುಕಿದರೂ ಪಕ್ಕದಲ್ಲಿ ಹುಲ್ಲು ಎದ್ದು ಮುಚ್ಚುತ್ತದೆ. ಕೀಳಬೇಡ. ಭೂತಗನ್ನಡಿ ತೆಗೆದುಕೊಂಡು ಹೋಗಿ ನೋಡು. ಹುಳ ಸಿಕ್ಕಿಬಿದ್ದಿದ್ದರೆ ಕೂದಲುಗಳು ನಿಧಾನಕ್ಕೆ ಅದರ ಕಡೆ ಬಾಗುವುದು ಕಾಣುತ್ತದೆ. ಅಲ್ಲೇ ಸುತ್ತ ನೀಲಿ, ನೇರಳೆಯ ಪುಟ್ಟ ಹೂ ಇದ್ದರೆ ಅದೂ ಹುಳ ತಿನ್ನುವ ಗಿಡವೇ ಇರಬಹುದು, ಯುಟ್ರಿಕುಲೇರಿಯಾ ಅಂತ. ಅದರ ಬಲೆ ಮಣ್ಣಿನೊಳಗೆ ಇರುತ್ತದೆ.

ಪ್ರಶ್ನೆ: ಊರ ಗೋಮಾಳದಲ್ಲಿ ಒಳ್ಳೆ ಹೂಗಳಿವೆ. ಉಳಿಸಲು ಬೇಲಿ ಹಾಕಿ ದನ ಬಿಡುವುದನ್ನು ನಿಲ್ಲಿಸೋಣ ಅಂತ ಯುವಕ ಸಂಘದವರು ಹೊರಟಿದ್ದೇವೆ. ಸರಿಯಾ? (ಸೊರಬ)

ಉತ್ತರ: ಒಂದು ಚಿಟ್ಟೆಯ ಕತೆ ಕೇಳಿ. ಅಮೆರಿಕದ ಸ್ಯಾನ್ ಹೋಸೆ ನಗರದ ದಕ್ಷಿಣಕ್ಕೆ ಬಡ ಮಣ್ಣಿನ ಗುಡ್ಡಗಳಿವೆ. ಅಲ್ಲಿ ಬೇ ಚೆಕರ್‌ಸ್ಪಾಟ್ ಅನ್ನುವ ಅಪರೂಪದ ಚಿಟ್ಟೆ. ಅದರ ಮರಿಗಳು ನೆಲಮಟ್ಟದ ಒಂದು ಸಣ್ಣ ಗಿಡ ತಿಂದು ಬೆಳೆಯುತ್ತವೆ. ಚಿಟ್ಟೆಗೆ ಒಳ್ಳೆಯದಾಗಲಿ ಅಂತ ಕೆಲವು ಕಡೆ ದನ ಮೇಯಿಸುವುದನ್ನು ನಿಲ್ಲಿಸಿದರು. ಚಿಟ್ಟೆ ಅಲ್ಲೇ ನಾಶವಾಯಿತು. ನಗರದ ಕಾರುಗಳ ಹೊಗೆಯ ಸಾರಜನಕ ಗುಡ್ಡಕ್ಕೆ ಬಂದು ಬೀಳುತ್ತಿತ್ತು. ಅದನ್ನು ತಿಂದು ಹೊರಗಿನಿಂದ ಬಂದ ಹುಲ್ಲು ಎದ್ದು ಆ ಸಣ್ಣ ಗಿಡ ಮುಚ್ಚಿತು. ದನ ಮೇಯುತ್ತಿದ್ದ ಗುಡ್ಡದಲ್ಲಿ ಮಾತ್ರ ಚಿಟ್ಟೆ ಉಳಿಯಿತು. ಸ್ಟುವರ್ಟ್ ವೈಸ್ ಎಂಬ ವಿಜ್ಞಾನಿ 1999ರಲ್ಲಿ ಇದನ್ನು ಬರೆದರು. ಬೇರೆ ಬೇರೆ ಖಂಡಗಳ 40 ಹುಲ್ಲುಗಾವಲುಗಳಲ್ಲಿ ನಡೆದ ಪ್ರಯೋಗ 2014ರಲ್ಲಿ ಪ್ರಕಟವಾಯಿತು, ಅದೂ ಇದನ್ನೇ ಹೇಳಿತು: ಗೊಬ್ಬರದಿಂದ ನೆಲಕ್ಕೆ ಬೆಳಕು ತಪ್ಪಿದ ಕಡೆ, ಮೇಯುವ ಪ್ರಾಣಿ ಬೆಳಕು ಬಿಡಿಸಿಕೊಟ್ಟರೆ ಗಿಡಗಳು ಉಳಿಯುತ್ತವೆ.

ಆದ್ದರಿಂದ ಬೇಲಿ ಬೇಡ. ದನ ಜಾಸ್ತಿಯಾಗಿ ನೆಲ ಕೆಸರೆದ್ದಿದ್ದರೆ ಸರದಿ ಮಾಡಿಕೊಳ್ಳಿ. ಹೂ ಬಿಡುವ ಭಾದ್ರಪದದಲ್ಲಿ ಒಂದು ಮೂಲೆ ಬಿಟ್ಟು ಮೇಯಿಸಿ, ಮುಂದಿನ ವರ್ಷ ಇನ್ನೊಂದು ಮೂಲೆ.

ಪ್ರಶ್ನೆ: ಪಕ್ಕದ ಅಕೇಶಿಯಾ ತೋಪು ಕಡಿದಿದ್ದಾರೆ. ಹಳೆಯ ಹುಲ್ಲು ಬರುತ್ತದೆ ಅಂದುಕೊಂಡಿದ್ದೆವು, ಬರೀ ಯುಪಟೋರಿಯಂ ಕಳೆ ಬಂದಿದೆ. (ರಿಪ್ಪನ್‌ಪೇಟೆ)

ಉತ್ತರ: ಅಕೇಶಿಯಾದ ಬೇರಿನಲ್ಲೂ ಕಾಡು ಮೆಂತ್ಯದ ಹಾಗೇ ಗಂಟುಗಳಿರುತ್ತವೆ. ಕಾಡು ಮೆಂತ್ಯ ಒಂದು ಚಿಟಿಕೆ ಸೇರಿಸಿದರೆ ಇದು ಮರದ ಲೆಕ್ಕದಲ್ಲಿ ಸೇರಿಸುತ್ತದೆ. ಮರ ಕಡಿದ ದಿನ ಬಿಸಿಲೂ ಬಂತು, ಕೂಡಿಟ್ಟ ಸಾರಜನಕವೂ ಕೈಗೆ ಸಿಕ್ಕಿತು. ಅದನ್ನು ಬಳಸಿಕೊಳ್ಳುವುದರಲ್ಲಿ ಯುಪಟೋರಿಯಂ ಎತ್ತಿದ ಕೈ. ದಕ್ಷಿಣ ಆಫ್ರಿಕಾದಲ್ಲೂ ಆಸ್ಟ್ರೇಲಿಯಾದ ಅಕೇಶಿಯಾ ತೆಗೆಸಿದ ಮೇಲೆ ಅಲ್ಲಿಯ ಹೂಗಿಡಗಳ ಬದಲು ಕಳೆಹುಲ್ಲು ನುಗ್ಗಿದೆ. ನೀವು ಮಾಡಬಹುದಾದ್ದು: ನೆಲದ ಮೇಲೆ ದಪ್ಪಗೆ ಬಿದ್ದ ಅಕೇಶಿಯಾ ಎಲೆಯನ್ನು ಗೋರಿ ತೋಟಕ್ಕೆ ಹಾಸಿ. ಯುಪಟೋರಿಯಂ ಹೂ ಬಿಡುವ ಮೊದಲು ಬುಡಸಮೇತ ಕಿತ್ತು ಅದನ್ನೂ ಹೊರಗೆ ಒಯ್ಯಿರಿ, ಗೊಬ್ಬರಗುಂಡಿಗೆ ಒಳ್ಳೆಯದು. ನಾಲ್ಕೈದು ವರ್ಷ ಬಿಡದೆ ಮಾಡಬೇಕು. ಬರೀ ಸವರಿ ಬಿಟ್ಟರೆ ಮತ್ತೆ ಚಿಗುರುತ್ತದೆ.

ಪ್ರಶ್ನೆ: ಇದೆಲ್ಲ ಹೊರದೇಶದ ಲೆಕ್ಕ. ನಮ್ಮ ಪ್ರೌಢಶಾಲೆ ಮಕ್ಕಳಿಂದ ಇಲ್ಲೇ ಮಾಡಿಸಬಹುದಾದ ಪ್ರಯೋಗ ಹೇಳಿ ಮೇಡಂ. (ವಿಜ್ಞಾನ ಶಿಕ್ಷಕರು, ತೀರ್ಥಹಳ್ಳಿ ತಾಲೂಕು)

ಉತ್ತರ: ಖಂಡಿತ ಮಾಡಿಸಿ ಸರ್. ಅಪರೂಪದ ಹೂ ಇರುವ ಜಾಗ ಬೇಡ, ಆಟದ ಬಯಲಿನ ಅಂಚಿನ ಹುಲ್ಲು ಸಾಕು. ಅಡಿಕೆ ದಬ್ಬೆಯ ಗೂಟ ಹೊಡೆದು ಒಂದು ಮೀಟರಿನ ನಾಲ್ಕು ಚೌಕ ಗುರುತು ಮಾಡಿ, ನಡುವೆ ಎರಡು ಮೀಟರ್ ಬಿಡಿ. ಇಳಿಜಾರಿದ್ದರೆ ಯೂರಿಯಾ ಹಾಕುವ ಎರಡು ಚೌಕ ಕೆಳಗಡೆ ಇರಲಿ. ಇಲ್ಲವಾದರೆ ಮಳೆನೀರಿನಲ್ಲಿ ಗೊಬ್ಬರ ಎಲ್ಲ ಚೌಕಕ್ಕೂ ಹರಿದು ಲೆಕ್ಕ ಕೆಡುತ್ತದೆ. ಯೂರಿಯಾ ಚೌಕಕ್ಕೆ 22 ಗ್ರಾಂ, ಎರಡು ಕಂತಿನಲ್ಲಿ. ಹೊಸನಗರದವರು ಹಾಕಿದ ಪ್ರಮಾಣವೇ ಇದು. ಯೂರಿಯಾ ಬಿದ್ದ ಒಂದು ಚೌಕ, ಬೀಳದ ಒಂದು ಚೌಕದ ಹುಲ್ಲನ್ನು ತಿಂಗಳಿಗೊಮ್ಮೆ ಕತ್ತಿಯಿಂದ ನಾಲ್ಕು ಬೆರಳು ಎತ್ತರಕ್ಕೆ ಕೊಯ್ದು ಹೊರಗೆ ಹಾಕಿ. ಉಳಿದ ಎರಡನ್ನು ಮುಟ್ಟಬೇಡಿ.

ಶುರು ಮಾಡುವ ಮೊದಲು ಒಮ್ಮೆ, ಆಮೇಲೆ ತಿಂಗಳಿಗೊಮ್ಮೆ, ಪ್ರತಿ ಚೌಕದಲ್ಲಿ ಎಷ್ಟು ಬಗೆ ಗಿಡ ಇದೆ ಅಂತ ಮಕ್ಕಳು ಎಣಿಸಲಿ. ಹೆಸರು ಗೊತ್ತಿಲ್ಲದಿದ್ದರೆ ಎಲೆಯ ಚಿತ್ರ ಬರೆದು 'ಗಿಡ ಅ', 'ಗಿಡ ಆ' ಅಂತ ಗುರುತು ಹಾಕಿದರೆ ಆಯಿತು. ಬೆಳಕು ಅಳೆಯಲು ಮೊಬೈಲಿನ ಲೈಟ್ ಮೀಟರ್ ಆ್ಯಪ್ ನಡೆಯುತ್ತದೆ. ಹುಲ್ಲಿನ ಮೇಲೆ ಒಮ್ಮೆ, ಬುಡದಲ್ಲಿ ಒಮ್ಮೆ, ಒಂದೇ ಮೊಬೈಲಿನಿಂದ, ಮೋಡ ಇಲ್ಲದ ಹೊತ್ತಿನಲ್ಲಿ. ಒಂದು ಮಳೆಗಾಲಕ್ಕೆ ಗಿಡಗಳ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸ ಬರದೆ ಇರಬಹುದು, ಬೆಳಕಿನ ಅಂಕಿ ಬೇಗ ಬದಲಾಗುತ್ತದೆ. ಮುಂದಿನ ವರ್ಷದ ಮಕ್ಕಳು ಅದೇ ಚೌಕ ಮುಂದುವರಿಸಲಿ, ಗೂಟ ಮಾತ್ರ ಗೆದ್ದಲು ಹಿಡಿಯದ ಹಾಗೆ ನೋಡಿಕೊಳ್ಳಿ. ಪಟ್ಟಿ ಕಳಿಸಿದರೆ ಇದೇ ಅಂಕಣದಲ್ಲಿ ಹಾಕುತ್ತೇನೆ, ನನ್ನ ಮಾತಿಗೆ ವಿರುದ್ಧ ಬಂದರೂ ಹಾಕುತ್ತೇನೆ.